ಕೊಯ್ಲು ಮಿಷನ್ ಗದ್ದೆಗೆ ಬಂದಾಗ ಮೂರು ಹಿಡಿ ನೋಡಿ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಸದಸ್ಯೆಯೊಬ್ಬರು ಆಡಿದ ಮಾತು)



ನನಗೆ ಕೊಟ್ಟಿರುವ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಿ. "ಮಿಷನ್ ವಿಚಾರ ಹೆಂಗಸರಿಗೆ ಯಾಕೆ? ಅದನ್ನ ಡ್ರೈವರ್ ನೋಡ್ಕೊತಾನೆ ಬುಡಿ" ಅಂತ ಹಿಂದಿನ ಸಾಲಿನಿಂದ ಒಬ್ಬರು ಅಂದದ್ದು ನನಗೂ ಕೇಳಿಸಿತು. ನಾನೂ ಹಾಗೇ ಅಂದುಕೊಂಡಿದ್ದವಳು. ಆ ಮಾತಿಗೆ ನಾನು ಎಷ್ಟು ಬೆಲೆ ತೆತ್ತೆ ಅನ್ನೋದನ್ನ ಮೊದಲು ಹೇಳಿಬಿಡುತ್ತೇನೆ.

ನನ್ನ ತವರು ದೊಡ್ಡಕವಲಂದೆ ಕಡೆ. ಮಳೆ ನಂಬಿದ ಹೊಲ. ರಾಗಿ, ಜೋಳ, ಹುರುಳಿ, ಅಲಸಂದೆ ನೋಡಿ ಬೆಳೆದವಳು. ಮದುವೆಯಾಗಿ ಬಂದದ್ದು ಸೋಸಲೆ ಕಡೆಗೆ. ಇಲ್ಲಿ ನಾಲೆ ನೀರು, ಭತ್ತದ ಗದ್ದೆ. ಕೆಲವು ವರ್ಷಗಳ ಹಿಂದೆ ನಮ್ಮ ಎರಡು ಎಕರೆ ಭತ್ತಕ್ಕೆ ಮೊದಲ ಸಲ ಕಂಬೈನ್ ಮಿಷನ್ ಕರೆಸಿದೆವು. ಬೆಳಿಗ್ಗೆ ಗದ್ದೆಗೆ ಇಳಿಯಿತು, ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಆಳು ಹುಡುಕೋದು ತಪ್ಪಿತು, ಅಡುಗೆ ಮಾಡಿ ಹೊತ್ತುಕೊಂಡು ಹೋಗೋದು ತಪ್ಪಿತು. ನಮಗೆ ಸಂತೋಷವೋ ಸಂತೋಷ.

ಮಾರನೇ ದಿನ ನಮ್ಮ ಬೀದಿಯ ವಯಸ್ಸಾದ ಅವ್ವ ಒಬ್ಬರು ಹಕ್ಕಲು ಆಯಲು ಬಂದರು. ಕೈಕೊಯ್ಲು ಆದ ಗದ್ದೆಯಲ್ಲಿ ಅವರು ದಿನವೆಲ್ಲ ಆಯ್ದರೂ ಒಂದು ಮೊರ ತುಂಬುತ್ತಿರಲಿಲ್ಲ. ಆವತ್ತು ಹುಲ್ಲು ಕೊಡವಿದರು, ಉದುರದೆ ಉಳಿದಿದ್ದ ತೆನೆಯನ್ನು ಕೈಯಲ್ಲಿ ಉಜ್ಜಿದರು, ಸಂಜೆಯ ಹೊತ್ತಿಗೆ ಅರ್ಧ ಚೀಲ ಮಾಡಿಕೊಂಡರು. ಹೋಗುವಾಗ ನನ್ನ ಮುಂದೆ ನಿಂತು, "ಈ ಮಿಷನ್ನು ಬಾರಿ ಒಳ್ಳೇದು ಕಣವ್ವ. ವರ್ಷಾವರ್ಷ ಇದನ್ನೇ ಕರ್ಸು" ಅಂದರು. ಅವರು ಕುಹಕಕ್ಕೆ ಹೇಳಿದ್ದಲ್ಲ, ಮನಸಾರೆ ಹೇಳಿದ್ದು. ನನಗೆ ಮಾತ್ರ ಎದೆ ಧಸಕ್ಕೆಂದಿತು. ವಯಸ್ಸಾದವರೊಬ್ಬರು ಒಂದೇ ದಿನಕ್ಕೆ ಅರ್ಧ ಚೀಲ ಆಯ್ದರೆ, ಆಯಲಿಕ್ಕೇ ಆಗದೆ ಮಣ್ಣು ಸೇರಿದ್ದು ಎಷ್ಟಿರಬೇಕು?

ಅಷ್ಟಕ್ಕೇ ಮುಗಿಯಲಿಲ್ಲ. ಭತ್ತ ಕೊಳ್ಳಲು ಬಂದವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ, "ಹೊಟ್ಟು ಜಾಸ್ತಿ ಇದೆ, ಕಾಳು ಒಡೆದಿದೆ" ಅಂತ ಬೆಲೆ ಇಳಿಸಿದರು. ಮಿಷನ್ ಬಾಡಿಗೆಯನ್ನು ನಾವು ಪೂರ್ತಿ ಕೊಟ್ಟಿದ್ದೆವು. ನಷ್ಟವೂ ಪೂರ್ತಿ ನಮ್ಮದೇ ಆಯಿತು.

ಆ ಮಿಷನ್ ಕೆಟ್ಟದ್ದಾಗಿರಲಿಲ್ಲ. ಅದನ್ನು ನಮ್ಮ ಬೆಳೆಗೆ ತಕ್ಕ ಹಾಗೆ ಹೊಂದಿಸಿರಲಿಲ್ಲ, ಅಷ್ಟೆ. ಇದನ್ನು ತಿಳಿಯಲು ನನಗೆ ಇನ್ನೂ ಎರಡು ಸುಗ್ಗಿ ಬೇಕಾಯಿತು. ನಿಮಗೆ ಈ ಒಂದು ಗಂಟೆ ಸಾಕು.

ನಾಲ್ಕು ಕೆಲಸ, ನಾಲ್ಕೂ ನಮಗೆ ಗೊತ್ತಿದ್ದದ್ದೇ

ಕಂಬೈನ್ ಅಂದರೆ ಕೂಡಿಸಿದ್ದು ಅಂತ ಅರ್ಥ. ಕೊಯ್ಯೋದು, ಬಡಿಯೋದು, ಜರಡಿ ಹಿಡಿಯೋದು, ತೂರೋದು, ಈ ನಾಲ್ಕನ್ನೂ ಒಂದೇ ಓಟದಲ್ಲಿ ಮಾಡುವುದರಿಂದ ಆ ಹೆಸರು. 1836ರಲ್ಲಿ ಅಮೆರಿಕದ ಮಿಷಿಗನ್ ಸೀಮೆಯಲ್ಲಿ ಹೈರಮ್ ಮೂರ್ ಎಂಬುವರು ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದರು. ಆಗ ಅದಕ್ಕೆ ಎಂಜಿನ್ ಇರಲಿಲ್ಲ, ಕುದುರೆಗಳನ್ನು ಸಾಲಾಗಿ ಕಟ್ಟಿ ಎಳೆಸುತ್ತಿದ್ದರು. ಅದು ಹುಟ್ಟಿದ್ದು ಗೋಧಿ ಹೊಲಕ್ಕೆ. ಗೋಧಿಗೆ ಹುಟ್ಟಿದ ಯಂತ್ರ ಭತ್ತಕ್ಕೆ ಬಂತು, ಈಗ ರಾಗಿಗೂ ಮುಸುಕಿನ ಜೋಳಕ್ಕೂ ಬರುತ್ತಿದೆ. ಹಾಗಾಗಿ ಬೆಳೆ ಬದಲಾದಾಗಲೆಲ್ಲ ಅದರ ಹೊಂದಾಣಿಕೆಯೂ ಬದಲಾಗಲೇಬೇಕು.

ಈಗ ಯೋಚನೆ ಮಾಡಿ. ಭತ್ತದ ಅರಿಯನ್ನು ಕಲ್ಲಿಗೆ ಎಷ್ಟು ಜೋರಾಗಿ ಬಡೀಬೇಕು, ರಾಗಿಯ ಮೇಲೆ ರೋಣಗಲ್ಲು ಎಷ್ಟು ಸುತ್ತು ಹೊಡೀಬೇಕು, ಹುರುಳಿಯನ್ನು ಕೋಲಲ್ಲಿ ಎಷ್ಟು ಮೆತ್ತಗೆ ಬಡೀಬೇಕು, ಯಾವ ಕಾಳಿಗೆ ಯಾವ ಜರಡಿ, ಗಾಳಿ ಜೋರಾದಾಗ ಮೊರವನ್ನು ಎಷ್ಟು ತಗ್ಗಿಸಿ ಹಿಡೀಬೇಕು, ಇದನ್ನೆಲ್ಲ ನಮಗೆ ಯಾರಾದರೂ ಶಾಲೆಯಲ್ಲಿ ಹೇಳಿಕೊಟ್ಟರಾ? ಕಣದಲ್ಲಿ ಅವ್ವ, ಅತ್ತೆ ಮಾಡೋದನ್ನ ನೋಡಿ ಕಲಿತದ್ದು. ಮಿಷನ್ ಹೊಟ್ಟೆಯೊಳಗೆ ನಡೆಯೋದೂ ಇದೇ ಕೆಲಸ. ಆದ್ದರಿಂದ ಸ್ಟೇರಿಂಗು ಹಿಡಿಯಲು ಬಾರದಿದ್ದರೂ, ಕೆಲಸ ಸರಿಯಾಗಿದೆಯೋ ಇಲ್ಲವೋ ಹೇಳಲು ನಮಗೆ ಬರುತ್ತದೆ.

ಯಾವುದನ್ನು ಹೆಚ್ಚುಕಡಿಮೆ ಮಾಡಬಹುದು?

ಮುಖ್ಯವಾಗಿ ಆರು ಸಂಗತಿ ನೆನಪಿಡಿ.

ಒಂದು, ಮುಂದೆ ತಿರುಗುವ ರೀಲ್. ಇದು ಪೈರನ್ನು ಕತ್ತರಿಯ ಕಡೆಗೆ ಬಾಗಿಸಿ ಒಳಗೆ ತಳ್ಳುತ್ತದೆ. ಮಿಷನ್ ಮುಂದೆ ಹೋಗುವ ವೇಗಕ್ಕಿಂತ ಸ್ವಲ್ಪ ಮಾತ್ರ ಜೋರಾಗಿ ತಿರುಗಬೇಕು. ತೀರಾ ಜೋರಾದರೆ ಒಣಗಿದ ತೆನೆಗೆ ಹೊಡೆದು ಕಾಳನ್ನು ಗದ್ದೆಯಲ್ಲೇ ಉದುರಿಸುತ್ತದೆ.

ಎರಡು, ಡ್ರಮ್. ಬಡಿಯುವ ಕಲ್ಲು, ರೋಣಗಲ್ಲು ಎರಡೂ ಇದೇ. ವೇಗ ಜಾಸ್ತಿಯಾದರೆ ಕಾಳು ಒಡೆಯುತ್ತದೆ, ಭತ್ತದ ಸಿಪ್ಪೆ ಸುಲಿದು ಅಕ್ಕಿ ಕಾಣುತ್ತದೆ. ಕಡಿಮೆಯಾದರೆ ಕಾಳು ತೆನೆಯಲ್ಲೇ ಉಳಿದು ಹುಲ್ಲಿನ ಜೊತೆ ಹಿಂದೆ ಹೋಗುತ್ತದೆ.

ಮೂರು, ಡ್ರಮ್ಮಿನ ಕೆಳಗೆ ಅರ್ಧಚಂದ್ರದ ಹಾಗೆ ಬಾಗಿರುವ ಜಾಲರಿ. ಡ್ರೈವರ್‌ಗಳು ಇದಕ್ಕೆ ಕಾನ್‌ಕೇವ್ ಅಂತಾರೆ. ಡ್ರಮ್ಮಿಗೂ ಇದಕ್ಕೂ ನಡುವಿನ ಸಂದು ಮುಖ್ಯ. ಸಂದು ಕಿರಿದಾದರೆ ಹುಲ್ಲು ಪುಡಿಯಾಗಿ ಜರಡಿ ತುಂಬಿಕೊಳ್ಳುತ್ತದೆ, ಕಾಳೂ ಜಜ್ಜುತ್ತದೆ. ಅಗಲವಾದರೆ ತೆನೆ ಬಡಿಸಿಕೊಳ್ಳದೆ ಜಾರಿ ಹೋಗುತ್ತದೆ.

ನಾಲ್ಕು, ಜರಡಿ. ಕಣ್ಣು ಅಗಲವಾದರೆ ಕಸ ಟ್ಯಾಂಕಿಗೆ ಬರುತ್ತದೆ. ಕಿರಿದಾದರೆ ಒಳ್ಳೆಯ ಕಾಳು ಜರಡಿಯ ಮೇಲೇ ಓಡಿ ಹಿಂದಿನಿಂದ ಬಿದ್ದುಹೋಗುತ್ತದೆ.

ಐದು, ಫ್ಯಾನಿನ ಗಾಳಿ. ಇದು ನಮ್ಮ ತೂರುವ ಕೆಲಸ. ಗಾಳಿ ಹೆಚ್ಚಾದರೆ ಜೊಳ್ಳಿನ ಜೊತೆ ಗಟ್ಟಿಕಾಳೂ ಹಾರುತ್ತದೆ. ಕಡಿಮೆಯಾದರೆ ಹೊಟ್ಟು ಕಾಳಿನಲ್ಲೇ ಉಳಿಯುತ್ತದೆ.

ಆರು, ಮಿಷನ್ ಓಡುವ ವೇಗ. ಓಟ ಹೆಚ್ಚಾದರೆ ಒಂದೇ ಸಲಕ್ಕೆ ಹೊಟ್ಟೆ ತುಂಬ ಹುಲ್ಲು ಹೋಗುತ್ತದೆ. ಜರಡಿಗೆ ಅದನ್ನು ಬಿಡಿಸಲು ಪುರುಸೊತ್ತು ಸಿಗುವುದಿಲ್ಲ. ಎಷ್ಟೋ ಸಲ ಬೇರೇನೂ ಮುಟ್ಟಬೇಕಾಗಿಲ್ಲ, ಓಟ ಕಡಿಮೆ ಮಾಡಿದರೆ ಸಾಕು, ಹಿಂದೆ ಬೀಳುವ ಕಾಳು ತಾನೇ ಕಡಿಮೆಯಾಗುತ್ತದೆ.

ಎಲ್ಲಾ ಮಿಷನ್ನಿನಲ್ಲೂ ಆರನ್ನೂ ಸಲೀಸಾಗಿ ಬದಲಿಸಲು ಆಗುವುದಿಲ್ಲ. ಕೆಲವದರಲ್ಲಿ ಲಿವರ್ ಎಳೆದರೆ ಆಯಿತು. ಕೆಲವದರಲ್ಲಿ ಪುಲ್ಲಿ ಬದಲಿಸಬೇಕು, ಬೋಲ್ಟು ಬಿಚ್ಚಬೇಕು. "ನಿಮಿಷಕ್ಕೆ ಇಷ್ಟೇ ಸುತ್ತು" ಅಂತ ನಾನು ಇಲ್ಲಿ ಹೇಳಿದರೆ ತಪ್ಪಾಗುತ್ತದೆ. ಡ್ರಮ್ಮು ದಪ್ಪ ಇದ್ದರೆ ಅದೇ ಸುತ್ತಿಗೆ ಏಟು ಜೋರು, ಸಣ್ಣದಿದ್ದರೆ ಏಟು ಮೆತ್ತಗೆ. ಆ ಲೆಕ್ಕ ಆಯಾ ಮಿಷನ್ನಿನ ಕೈಪಿಡಿಯಲ್ಲಿ ಬೆಳೆವಾರು ಇರುತ್ತದೆ. ಶುರುಮಾಡುವುದು ಅಲ್ಲಿಂದ. ಸರಿಮಾಡಿಕೊಳ್ಳುವುದು ಗದ್ದೆಯಲ್ಲಿ.

ಮೂರು ಹಿಡಿ

ಈಗ ನನ್ನ ಮುಖ್ಯವಾದ ಮಾತು. ಮಿಷನ್ ಗದ್ದೆಗಿಳಿದು ಇಪ್ಪತ್ತು ಮೂವತ್ತು ಅಡಿ ಕೊಯ್ಯಲಿ. ಆಮೇಲೆ ನಿಲ್ಲಿಸಿ ಎಂಜಿನ್ ಆಫ್ ಮಾಡಿಸಿ. ಮೂರು ಹಿಡಿ ತೆಗೆದು ನೋಡಿ.

ಮೊದಲನೇ ಹಿಡಿ ಟ್ಯಾಂಕಿನದು. ಡ್ರೈವರ್ ಅಣ್ಣನ ಕೈಯಲ್ಲೇ ತೆಗೆಸಿ ಮೊರಕ್ಕೆ ಹಾಕಿಸಿಕೊಳ್ಳಿ. ಒಡಕು ಇದ್ದರೆ, ಅಕ್ಕಿ ಕಂಡರೆ ಡ್ರಮ್ ವೇಗ ಇಳಿಸಬೇಕು, ಇಲ್ಲವೇ ಸಂದು ಸ್ವಲ್ಪ ಬಿಡಬೇಕು. ಒಡಕಿಲ್ಲ, ಆದರೆ ಹೊಟ್ಟು ಕಸ ಜಾಸ್ತಿ ಅಂದರೆ ಗಾಳಿ ಸ್ವಲ್ಪ ಏರಿಸಬೇಕು ಅಥವಾ ಜರಡಿ ಕಣ್ಣು ಕಿರಿದು ಮಾಡಬೇಕು.

ಎರಡನೇ ಹಿಡಿ ಹಿಂದೆ ಬಿದ್ದ ಹುಲ್ಲಿನದು. ತೆನೆ ಹುಡುಕಿ. ತೆನೆಯಲ್ಲಿ ಕಾಳು ಕಚ್ಚಿಕೊಂಡಿದ್ದರೆ ಬಡಿತ ಸಾಲದು. ಡ್ರಮ್ ವೇಗ ಸ್ವಲ್ಪ ಏರಿಸಬೇಕು ಅಥವಾ ಸಂದು ಕಿರಿದು ಮಾಡಬೇಕು. ಪೈರು ಹಸಿಯಾಗಿದ್ದರೂ ಹೀಗಾಗುತ್ತದೆ. ಆಗ ಮಿಷನ್ ತಿರುವುವ ಬದಲು ಬಿಸಿಲಿಗೆ ಕಾಯುವುದೇ ಲೇಸು.

ಮೂರನೇ ಹಿಡಿ ನೆಲದ್ದು. ಹುಲ್ಲು ಸರಿಸಿ, ಕೆಳಗಿನ ಹೊಟ್ಟನ್ನು ಬಾಚಿ ಮೊರಕ್ಕೆ ಹಾಕಿ ಕೇರಿ. ಬಿಡಿಬಿಡಿಯಾದ ಗಟ್ಟಿಕಾಳು ಸಿಕ್ಕರೆ, ಬಡಿತ ಸರಿ ಇದೆ, ತೂರೋದು ತಪ್ಪಿದೆ ಅಂತ ಅರ್ಥ. ಗಾಳಿ ಇಳಿಸಿ, ಇಲ್ಲವೇ ಜರಡಿ ಕಣ್ಣು ಸ್ವಲ್ಪ ಬಿಡಿಸಿ, ಇಲ್ಲವೇ ಓಟ ತಗ್ಗಿಸಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇದು ಬಹಳ ಮುಖ್ಯ. ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಹಾಕಿದರೆ ಯಾವುದು ಹೆಚ್ಚಾಯಿತು ಅಂತ ಗೊತ್ತಾಗುವುದಿಲ್ಲ. ಒಂದನ್ನು ಬದಲಿಸಿ, ಇನ್ನು ಇಪ್ಪತ್ತು ಅಡಿ ಓಡಿಸಿ, ಮತ್ತೆ ಮೂರು ಹಿಡಿ ನೋಡಿ.

ಬಿದ್ದದ್ದಕ್ಕೆ ಲೆಕ್ಕ

"ಅಲ್ಲೊಂದು ಇಲ್ಲೊಂದು ಬೀಳ್ತದೆ, ಬುಡಕ್ಕ" ಅನ್ನುವ ಡ್ರೈವರ್‌ಗೆ ಲೆಕ್ಕ ಹೇಳಬೇಕು. ಸಂಘದಲ್ಲಿ ಉಳಿತಾಯದ ಪೈಸೆ ಪೈಸೆಗೂ ಲೆಕ್ಕ ಇಡುವ ನಮಗೆ ಇದು ಕಷ್ಟವಲ್ಲ.

ಒಂದೊಂದು ಅಡಿಯ ನಾಲ್ಕು ಕಡ್ಡಿ ಕಟ್ಟಿ ಚೌಕ ಮಾಡಿಕೊಳ್ಳಿ. ಮಿಷನ್ ಹೋದ ಜಾಡಿನಲ್ಲಿ ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು, ಹೀಗೆ ಮೂರು ಕಡೆ ಇಟ್ಟು ಕಾಳು ಎಣಿಸಿ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ. ಹುಲ್ಲು ಒಂದೇ ಕಡೆ ರಾಶಿಯಾಗಿ ಬೀಳುವುದರಿಂದ ಒಂದೇ ಜಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮಿಷನ್ ಬರುವ ಮೊದಲೇ ತಾನಾಗಿ ಉದುರಿದ ಕಾಳನ್ನೂ ಕೊಯ್ಯದ ಜಾಗದಲ್ಲಿ ಎಣಿಸಿ, ಅದನ್ನು ಕಳೆಯಿರಿ.

ಒಂದು ಎಕರೆ ಅಂದರೆ 43,560 ಚದರ ಅಡಿ. ಸಾವಿರ ಕಾಳು ಸುಮಾರು 25 ಗ್ರಾಂ ತೂಗುವ ದಪ್ಪ ಭತ್ತವಾದರೆ, ಒಂದು ಚದರ ಅಡಿಯಲ್ಲಿ 10 ಕಾಳು ಬಿದ್ದರೆ ಎಕರೆಗೆ ಸುಮಾರು 11 ಕೆ.ಜಿ. ಹೋಯಿತು. 40 ಕಾಳು ಬಿದ್ದರೆ ಸುಮಾರು 44 ಕೆ.ಜಿ. ಕೇಂದ್ರ ಸರ್ಕಾರ 2025-26ನೇ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಆ ಲೆಕ್ಕದಲ್ಲಿ ಎಕರೆಗೆ ಸಾವಿರ ರೂಪಾಯಿ ಮಣ್ಣಿಗೆ ಹೋದಂತೆ. ಎರಡು ಎಕರೆಗೆ ಎರಡು ಸಾವಿರ. ನಮ್ಮಲ್ಲಿ ಎಷ್ಟೋ ಜನ ಸಂಘದ ಸಾಲದ ಕಂತು ಅಷ್ಟೇ ಕಟ್ಟುವುದು.

ಎಕರೆಗೆ 20 ಕ್ವಿಂಟಲ್ ಬರುವ ಗದ್ದೆಯಲ್ಲಿ ಚದರ ಅಡಿಗೆ 20 ಕಾಳು ಅಂದರೆ ನೂರಕ್ಕೆ ಒಂದು ಭಾಗ. ಒಂದೂ ಬೀಳಬಾರದು ಅಂದರೆ ಯಾವ ಮಿಷನ್ನಿಗೂ ಆಗದು, ಕೈಕೊಯ್ಲಿನಲ್ಲೂ ಉದುರುತ್ತಿತ್ತು. ನಮ್ಮ ಮನೆಯಲ್ಲಿ 40 ದಾಟಿದರೆ ನಿಲ್ಲಿಸಿ ಅಂತ ನಾವು ಕಟ್ಟುನಿಟ್ಟು ಮಾಡಿಕೊಂಡಿದ್ದೇವೆ.

ಬೆಳೆಗೆ ತಕ್ಕ ಹಾಗೆ

ಭತ್ತ. ಕಬಿನಿ ನಾಲೆ, ವರುಣಾ ನಾಲೆ, ಮಾಧವಮಂತ್ರಿ ನಾಲೆ ಕೆಳಗಿನವರೆಲ್ಲ ಇದಕ್ಕೇ ಮಿಷನ್ ಕರೆಸುವುದು. ಕೆಸರಿನಲ್ಲಿ ಹೂತುಕೊಳ್ಳದ ಚೈನ್ ಮಿಷನ್ನೇ ಇಲ್ಲಿ ಹೆಚ್ಚು. ಕಾಳಿನಲ್ಲಿ ತೇವ ನೂರಕ್ಕೆ 20ರಿಂದ 22 ಇರುವಾಗ ಕೊಯ್ಲಿಗೆ ಒಳ್ಳೆಯ ಹದ. ಇನ್ನೂ ಒಣಗಲಿ ಅಂತ ಬಿಟ್ಟರೆ ರೀಲ್ ತಗುಲಿದ ಕೂಡಲೇ ಉದುರುತ್ತದೆ, ಮಿಲ್ಲಿನಲ್ಲಿ ನುಚ್ಚು ಜಾಸ್ತಿಯಾಗುತ್ತದೆ. ಹಸಿಯಿದ್ದಾಗ ಕೊಯ್ದರೆ ತೆನೆ ಬಿಡದು. ಕೊಯ್ದ ಭತ್ತವನ್ನು ಚೀಲದಲ್ಲೇ ಬಿಡಬೇಡಿ, ಆವತ್ತೇ ಹರಡಿ ಒಣಗಿಸಿ. ಸರ್ಕಾರದ ಖರೀದಿಗೆ ತೇವ ನೂರಕ್ಕೆ 17 ಮೀರಬಾರದು. ಹುಲ್ಲುಕಡ್ಡಿಯಂಥ ಕಸ 1, ಮಣ್ಣುಕಲ್ಲು 1, ಇದೂ ಮಿತಿ. ಮನೆಯಲ್ಲಿ ಕೂಡಿಡುವುದಾದರೆ 14ಕ್ಕಿಂತ ಕೆಳಗಿರಲಿ. ತಳಿ ಬದಲಾದರೂ ಮೂರು ಹಿಡಿ ಹೊಸದಾಗಿ ನೋಡಬೇಕು. ದಪ್ಪ ಕಾಳಿನ ಜ್ಯೋತಿಗೆ ಇಟ್ಟ ಗಾಳಿಯನ್ನೇ ಸಣ್ಣ ಭತ್ತಕ್ಕೂ ಬಿಟ್ಟರೆ ಕಾಳು ಹಾರಿಹೋಗುತ್ತದೆ.

ರಾಗಿ. ಇದು ಭತ್ತಕ್ಕೆ ತದ್ವಿರುದ್ಧ. ಕಾಳು ಸಾಸಿವೆಯಂತೆ ಸಣ್ಣದು, ಹಗುರ. ಆದರೆ ತೆನೆಯಿಂದ ಬಿಡಿಸುವುದು ಕಷ್ಟ. ನಮ್ಮ ಹಿರಿಯರು ಕೊಯ್ದ ರಾಗಿಯನ್ನು ಮೆದೆ ಹಾಕಿ ಚೆನ್ನಾಗಿ ಒಣಗಿದ ಮೇಲೆ ಕಣಕ್ಕೆ ಹಾಕಿ ರೋಣಗಲ್ಲು ಹೊಡೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಮಿಷನ್ ನಿಂತ ಪೈರನ್ನೇ ನೇರ ಬಡಿಯುತ್ತದೆ. ಆದ್ದರಿಂದ ತೆನೆ ಪೂರ್ತಿ ಒಣಗಿರಬೇಕು, ಇಬ್ಬನಿ ಆರಿರಬೇಕು, ಡ್ರಮ್ಮಿನ ಬಡಿತ ಬಲವಾಗಿರಬೇಕು, ಸಂದು ಕಿರಿದಾಗಿರಬೇಕು. ಜರಡಿ ಸಣ್ಣ ಕಣ್ಣಿನದ್ದು, ಗಾಳಿ ಬಹಳ ಕಡಿಮೆ. ಭತ್ತದ ಜರಡಿ, ಭತ್ತದ ಗಾಳಿಯಲ್ಲೇ ರಾಗಿಗೆ ಇಳಿದರೆ ಕಸ ಟ್ಯಾಂಕಿಗೆ, ರಾಗಿ ಗಾಳಿಗೆ. ರಾಗಿ ಕಾಳಿನ ತೂಕ ಭತ್ತದ ಕಾಳಿನ ಸುಮಾರು ಹತ್ತನೇ ಒಂದು ಭಾಗ. ಹಾಗಾಗಿ ಚದರ ಅಡಿಗೆ 100 ಕಾಳು ಬಿದ್ದರೆ ಎಕರೆಗೆ ಸುಮಾರು 11 ಕೆ.ಜಿ. ಅಂತ ಇಟ್ಟುಕೊಳ್ಳಿ. ಕೆಂಪು ಮಣ್ಣಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಹುಲ್ಲು, ಹೊಟ್ಟು ತಂದು ಟಾರ್ಪಾಲಿನ ಮೇಲೆ ಕೊಡವಿ ನೋಡಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ ಇತ್ತು. ಕಾಳು ಸಣ್ಣದು ಅಂತ ಬೆಲೆ ಸಣ್ಣದಲ್ಲ. ಇನ್ನೊಂದು ಮಾತು: ರಾಗಿ ಹುಲ್ಲು ದನಕ್ಕೆ ಚಿನ್ನ. ಮಿಷನ್ನಿನಿಂದ ಅದು ಪುಡಿಯಾಗಿ ಬರುತ್ತದೆ, ಕೂಳೆ ಎತ್ತರ ಉಳಿಯುತ್ತದೆ. ಹಸು ಕಟ್ಟಿರುವವರು ಅರ್ಧ ಎಕರೆ, ಒಂದು ಎಕರೆ ಇದ್ದರೆ ಕೈಯಲ್ಲೇ ಕೊಯ್ದು, ಒಣಗಿಸಿ, ಒಕ್ಕಣೆ ಮಿಷನ್ನಿಗೆ ಕೊಡುವುದು ವಾಸಿಯೋ ಅಂತ ಲೆಕ್ಕ ಹಾಕಿ ನೋಡಿ.

ಮುಸುಕಿನ ಜೋಳ. ಕಾಳು ದಪ್ಪ, ತೂಕ. ಡ್ರಮ್ ನಿಧಾನ, ಸಂದು ಅಗಲ, ಗಾಳಿ ಜೋರು, ಜರಡಿ ದೊಡ್ಡ ಕಣ್ಣಿನದ್ದು. ಹಿಂದೆ ಬೀಳುವ ದಿಂಡನ್ನು ನೋಡಿದರೆ ಎಲ್ಲಾ ತಿಳಿಯುತ್ತದೆ. ದಿಂಡು ಇಡಿಯಾಗಿಯೋ ದೊಡ್ಡ ತುಂಡಾಗಿಯೋ, ಕಾಳಿಲ್ಲದೆ ಬಂದರೆ ಸರಿ. ದಿಂಡು ಚೂರುಚೂರಾಗಿದ್ದರೆ ಬಡಿತ ಅತಿಯಾಗಿದೆ. ದಿಂಡಿನಲ್ಲಿ ಕಾಳು ಉಳಿದಿದ್ದರೆ ಬಡಿತ ಸಾಲದು. ತೆನೆ ಮುರಿಯಲು ಇದಕ್ಕೆ ಬೇರೆಯದೇ ಮುಂಭಾಗ ಇದೆ. ಭತ್ತದ ಮುಂಭಾಗದಲ್ಲೇ ಬಂದವರನ್ನು ತೆನೆ ಸಿಡಿದು ಬೀಳುವುದಕ್ಕೆ ಏನು ಮಾಡಿದ್ದೀರಿ ಅಂತ ಮೊದಲೇ ಕೇಳಿ.

ಹುರುಳಿ, ಅಲಸಂದೆ, ಹೆಸರು, ಉದ್ದು. ಇವು ಏಟು ತಾಳುವುದಿಲ್ಲ. ಟ್ಯಾಂಕಿನಲ್ಲಿ ಕಾಳಿನ ಬದಲು ಬೇಳೆ ಕಂಡರೆ ಡ್ರಮ್ ವೇಗ ಬಹಳ ಜಾಸ್ತಿ ಇದೆ ಅಂತ ತಿಳಿಯಿರಿ. ನಿಧಾನದ ಡ್ರಮ್, ಅಗಲದ ಸಂದು ಬೇಕು. ಆದರೆ ಕಾಯಿ ನೆಲಕ್ಕೆ ಹತ್ತಿರ ಇರುವುದರಿಂದ ಕತ್ತರಿಯನ್ನು ತೀರಾ ಕೆಳಗಿಳಿಸಬೇಕಾಗುತ್ತದೆ. ಆಗ ಕಲ್ಲುಮಣ್ಣು ಒಳಗೆ ಹೋಗುತ್ತದೆ. ಬಳ್ಳಿ ಹಬ್ಬಿದ, ಒಂದೇ ಸಲಕ್ಕೆ ಹಣ್ಣಾಗದ ನಮ್ಮ ನಾಟಿ ಹುರುಳಿ, ಅಲಸಂದೆಗೆ ಈ ಮಿಷನ್ ಹೊಂದುವುದಿಲ್ಲ ಅನ್ನುವುದೇ ನನ್ನ ಅನಿಸಿಕೆ. ಎಲ್ಲಾ ಬೆಳೆಗೂ ಮಿಷನ್ ಬೇಕು ಅಂತ ಏನೂ ಇಲ್ಲ.

ಮಲಗಿದ ಪೈರು, ಇಬ್ಬನಿ ಹೊತ್ತು

ಮಳೆಗೋ ಗಾಳಿಗೋ ಭತ್ತ ಮಲಗಿದ್ದರೆ ರೀಲನ್ನು ಕೆಳಗಿಳಿಸಿ, ಸ್ವಲ್ಪ ಮುಂದಕ್ಕೆ ಹಾಕಿಸಿ. ಪೈರು ಯಾವ ಕಡೆಗೆ ಬಾಗಿದೆಯೋ ಅದರ ಎದುರಿನಿಂದ ಅಥವಾ ಅಡ್ಡಲಾಗಿ ಓಡಿಸಬೇಕು, ಓಟ ನಿಧಾನ ಇರಬೇಕು. ಸಮಯ ಹಿಡಿದರೂ ತೆನೆ ಸಿಗುತ್ತದೆ.

ಬೆಳಿಗ್ಗೆ ಏಳಕ್ಕೇ ಮಿಷನ್ ಬಂತು ಅಂತ ಇಬ್ಬನಿಯಲ್ಲೇ ಇಳಿಸಬೇಡಿ. ಒದ್ದೆ ಹುಲ್ಲು ಜರಡಿಗೆ ಮೆತ್ತಿಕೊಳ್ಳುತ್ತದೆ. ಬೆಳಿಗ್ಗೆ ಹೊಂದಿಸಿದ್ದು ಮಧ್ಯಾಹ್ನದ ಬಿಸಿಲಿಗೆ ಸರಿಹೋಗುವುದಿಲ್ಲ, ಪೈರು ಒಣಗಿದಷ್ಟೂ ಬಡಿತ ಕಡಿಮೆ ಸಾಕು. ಅದಕ್ಕೇ ಮೂರು ಹಿಡಿ ನೋಡುವುದು ಒಂದು ಸಲ ಅಲ್ಲ. ಶುರುವಿಗೆ, ಮಧ್ಯಾಹ್ನ, ಮತ್ತು ಗದ್ದೆ ಬದಲಾದಾಗ.

ಡ್ರೈವರ್ ಜೊತೆ ಮಾತು

ಸುಗ್ಗಿಯಲ್ಲಿ ಬರುವ ಮಿಷನ್‌ಗಳು ಬಹಳಷ್ಟು ಹೊರಗಿನವು. ತಮಿಳುನಾಡಿನಿಂದ ಬರುತ್ತವೆ, ನಮ್ಮ ರಾಜ್ಯದ ಬೇರೆ ಜಿಲ್ಲೆಗಳಿಂದ ಬರುತ್ತವೆ. ಡ್ರೈವರ್ ಹುಡುಗರು ಮನೆಮಠ ಬಿಟ್ಟು ಹಗಲುರಾತ್ರಿ ದುಡಿಯುವವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬಾಡಿಗೆಯ ಲೆಕ್ಕ ಅರ್ಥಮಾಡಿಕೊಳ್ಳಿ. ಎಕರೆ ಲೆಕ್ಕವಾದರೆ ಬೇಗ ಓಡಿಸಿದಷ್ಟೂ ಅವರಿಗೆ ಲಾಭ, ಕಾಳು ಬಿದ್ದರೆ ನಮಗೆ ನಷ್ಟ. ಗಂಟೆ ಲೆಕ್ಕವಾದರೆ ನಿಧಾನ ಮಾಡಿದಷ್ಟೂ ನಮ್ಮ ಬಾಡಿಗೆ ಏರುತ್ತದೆ. ಅದಕ್ಕೆ ಹೆದರಿ ನಾವೇ "ಬೇಗ ಬೇಗ" ಅಂತ ಕೂಗುತ್ತೇವೆ. ಎರಡರಲ್ಲೂ ಬೀಳುವುದು ನಮ್ಮ ಕಾಳೇ.

ಆದ್ದರಿಂದ ಮಿಷನ್ ಗದ್ದೆಗಿಳಿಯುವ ಮೊದಲೇ ಮಾತಾಡಿ. "ಅಣ್ಣ, ಮೊದಲು ಇಪ್ಪತ್ತು ಅಡಿ ಕೊಯ್ದು ನಿಲ್ಸಿ, ನಾವು ನೋಡ್ತೀವಿ. ಹೊಂದಿಸೋ ಹೊತ್ತಿನ ಬಾಡಿಗೆ ಹೇಗೆ, ಈಗಲೇ ಹೇಳಿ" ಅಂತ ಕೇಳಿ. ಹದಿನೈದು ನಿಮಿಷದ ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಹಿಂದಿನ ಗದ್ದೆಯಲ್ಲಿ ಯಾವ ಬೆಳೆ, ಯಾವ ತಳಿ ಕೊಯ್ದಿರಿ ಅಂತಲೂ ಕೇಳಿ. ಟ್ಯಾಂಕು, ಎಲಿವೇಟರಿನಲ್ಲಿ ಉಳಿದ ಕಾಳು ನಮ್ಮ ಚೀಲಕ್ಕೆ ಸೇರುತ್ತದೆ. ಬಿತ್ತನೆಗೆ ಇಡುವ ಭತ್ತವನ್ನಂತೂ ಮಿಷನ್ ಸ್ವಚ್ಛ ಮಾಡಿಸದೆ ಕೊಯ್ಯಿಸಬೇಡಿ. ಆದರೆ ಅಷ್ಟನ್ನು ಕೈಯಲ್ಲೇ ಕೊಯ್ದು ಬಡಿಯಿರಿ. ಕಣ್ಣಿಗೆ ಕಾಣದ ಬಿರುಕು ಬಿಟ್ಟ ಕಾಳು ಸರಿಯಾಗಿ ಮೊಳೆಯದೆ ಹೋಗಬಹುದು. ಬಿತ್ತುವ ಮೊದಲು ನೂರು ಕಾಳು ಎಣಿಸಿ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯಿತು ನೋಡಿ.

ಒಬ್ಬಳೇ ಹೇಳಿದರೆ ಡ್ರೈವರ್ ಕೇಳದೆ ಹೋಗಬಹುದು. ನಾನು ಮೊದಲ ಸಲ ನಿಲ್ಲಿಸಿ ಅಂದಾಗ, "ನೀವು ಮನೆಗೆ ಹೋಗಿ ಅಮ್ಮಾ, ಯಜಮಾನರನ್ನ ಕಳಿಸಿ" ಅಂದರು. ಮರುವರ್ಷ ನಮ್ಮ ಸಂಘದ ಆರು ಮನೆಯವರು, ಒಂದೇ ಬಯಲಿನ ಗದ್ದೆಯವರು, ಒಟ್ಟಿಗೆ ಮಾತಾಡಿ ಒಂದೇ ಮಿಷನ್ ಗೊತ್ತುಮಾಡಿದೆವು. ಆರು ಜನರೂ ಬದುವಿನ ಮೇಲೆ ಮೊರ ಹಿಡಿದು ನಿಂತೆವು. ಆಗ ಮಿಷನ್ ನಿಂತಿತು! ಒಂದೇ ತಳಿ, ಅಕ್ಕಪಕ್ಕದ ಗದ್ದೆ ಆದ್ದರಿಂದ ಒಂದು ಸಲ ಹೊಂದಿಸಿದ್ದು ಆರು ಮನೆಗೂ ಆಯಿತು. ನಾಟಿ ಮಾಡುವಾಗಲೇ ಒಂದೇ ತಳಿ, ಒಂದೇ ವಾರ ಅಂತ ಮಾತಾಡಿಕೊಂಡರೆ ಕೊಯ್ಲು ಇನ್ನೂ ಸಲೀಸು. 2014-15ರಲ್ಲಿ ಸರ್ಕಾರ ಶುರುಮಾಡಿದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ವಿಚಾರವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬೆಳೆಯ ಅನುಮಾನ ಏನೇ ಇದ್ದರೂ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ನಮಗೆ ಹತ್ತಿರದಲ್ಲೇ ಇದೆ.

ಜೋಪಾನ

ಕಾಳು ಹೋದರೆ ಬರುತ್ತದೆ, ಕೈ ಹೋದರೆ ಬರುವುದಿಲ್ಲ. ಎಂಜಿನ್ ನಿಂತು, ಕೀಲಿ ಡ್ರೈವರ್ ಕೈಗೆ ಬಂದು, ತಿರುಗುವುದೆಲ್ಲ ಪೂರ್ತಿ ನಿಂತ ಮೇಲೆ ಮಾತ್ರ ಹತ್ತಿರ ಹೋಗಿ. ಸೆರಗು ಬಿಗಿಯಾಗಿ ಸಿಕ್ಕಿಸಿ, ಜಡೆ ಕಟ್ಟಿ. ಸಿಕ್ಕಿಕೊಂಡ ಹುಲ್ಲನ್ನು ಓಡುವ ಮಿಷನ್ನಿನಿಂದ ಎಳೆಯಬೇಡಿ. ಟ್ಯಾಂಕಿನೊಳಗೆ ಕೈ ಹಾಕಬೇಡಿ, ಕೆಳಗೆ ತಿರುಪು ತಿರುಗುತ್ತಿರುತ್ತದೆ. ಎತ್ತಿದ ಮುಂಭಾಗದ ಕೆಳಗೆ ಬಗ್ಗಬೇಡಿ. ಮಕ್ಕಳನ್ನು ಗದ್ದೆಗೆ ಕರೆತರಲೇಬೇಡಿ, ಹಿಂದೆ ಬರುವಾಗ ಡ್ರೈವರ್‌ಗೆ ಕಾಣುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿ, ಆ ಧೂಳು ಒಳ್ಳೆಯದಲ್ಲ.

ಕೊನೆಯ ಮಾತು

ಇಲ್ಲಿ ಕೂತಿರುವವರಲ್ಲಿ ಗದ್ದೆ ಇಲ್ಲದವರೂ ಇದ್ದೀರಿ. ಮಿಷನ್ ಬಂದು ನಿಮ್ಮ ಕುಯ್ಲಿನ ಕೂಲಿ ಹೋಯಿತು. ಅದು ನಿಜ, ಅದನ್ನು ಮುಚ್ಚಿಟ್ಟು ನಾನು ಮಿಷನ್ ಗುಣ ಹಾಡುವುದಿಲ್ಲ. ಇವತ್ತು ನಾನು ಹೇಳಿದ ಹಾಗೆ ಮಿಷನ್ ಹೊಂದಿಸಿದರೆ ಆ ಅವ್ವನ ಹಕ್ಕಲೂ ಕಡಿಮೆಯಾಗುತ್ತದೆ. ಇದು ನನಗೆ ಮೊದಲೇ ಹೊಳೆದಿತ್ತು, ಮನಸ್ಸಿಗೆ ಸಮಾಧಾನ ಇರಲಿಲ್ಲ. ಆಮೇಲೆ ನಮ್ಮ ಆರು ಮನೆಯವರು ಹೀಗೆ ಮಾಡಿದೆವು: ಬಿತ್ತನೆ ಭತ್ತದ ಕೈಕೊಯ್ಲು, ಒಣಗಿಸುವುದು, ಕೇರುವುದು, ಚೀಲ ತುಂಬುವುದು, ಈ ಕೆಲಸಕ್ಕೆ ಗದ್ದೆ ಇಲ್ಲದ ನಮ್ಮ ಸಂಘದವರನ್ನೇ ಕರೆದು ಕೂಲಿ ಕೊಡುತ್ತೇವೆ. ಮಿಷನ್ ಮುಂದೆ ಮೂರು ಹಿಡಿ ನೋಡಲು ಬರುವವರಲ್ಲಿ ಆ ಅವ್ವನೂ ಒಬ್ಬರು. ಅವರಷ್ಟು ಚೆನ್ನಾಗಿ ಹುಲ್ಲು ಕೊಡವಿ ನೋಡುವವರು ನಮ್ಮೂರಲ್ಲಿ ಇನ್ನೊಬ್ಬರಿಲ್ಲ. ಹೋದ ಕೂಲಿಯೆಲ್ಲ ಇದರಿಂದ ವಾಪಸು ಬರಲಿಲ್ಲ. ಇನ್ನೇನು ಮಾಡಬಹುದು ಅಂತ ನಿಮ್ಮ ನಿಮ್ಮ ಸಂಘದ ಸಭೆಯಲ್ಲಿ ಮಾತಾಡಿ.

ಮುಂದಿನ ಸುಗ್ಗಿಗೆ ಮಿಷನ್ ಬಂದಾಗ ಮೊರ ಹಿಡಿದು ಗದ್ದೆಗೆ ಹೋಗಿ. ಟ್ಯಾಂಕಿನದೊಂದು ಹಿಡಿ, ಹುಲ್ಲಿನದೊಂದು ಹಿಡಿ, ನೆಲದ್ದೊಂದು ಹಿಡಿ. ಇಷ್ಟು ನೆನಪಿದ್ದರೆ ಸಾಕು.